ಎರಡು ಕಾಳಿಗೆ ಒಂದು ದಿನ

ನಮ್ಮ ಖಾನಾವಳಿಗೆ ಬೋರ್ಡು ಇರಲಿಲ್ಲ. ಪರೇಲಿನ ಚಾಳು, ಎರಡನೇ ಮಾಳಿಗೆ, ನಳದ ಪಕ್ಕದ ಖೋಲಿ ಅಂತ ಹೇಳಿದರೆ ಮಿಲ್ಲಿನ ಮಂದಿ ಹುಡುಕಿಕೊಂಡು ಬರುತ್ತಿದ್ದರು. ಇದ್ದದ್ದು ಒಂದೇ ಖೋಲಿ. ಒಂದು ಮೂಲೆ ಅಡುಗೆಗೆ, ಉಳಿದದ್ದು ಉಣ್ಣುವುದಕ್ಕೆ. ಪಾತ್ರೆ ತೊಳೆದು ನೆಲ ಒರೆಸಿದ ಮೇಲೆ ಅದೇ ನೆಲ ಮಲಗುವುದಕ್ಕೆ. ನಾನು, ನಮ್ಮವರು, ಹಾಲುಹಲ್ಲು ಬೀಳುತ್ತಿದ್ದ ಮಗಳು, ಮತ್ತೆ ನನ್ನ ನೆಗೆಣ್ಣಿ. ಮೈದುನ ತೀರಿಹೋದ ಮೇಲೆ ಅವನ ಹೆಂಡತಿಯನ್ನು ಊರಿನಿಂದ ನಾನೇ ಕರೆಸಿಕೊಂಡಿದ್ದೆ. ನನ್ನದು ದೊಡ್ಡ ಮನಸ್ಸು ಅಂತ ಜನ ಹೇಳಿದರು. ರೊಟ್ಟಿ ಬಡಿಯುವುದಕ್ಕೆ ಇನ್ನೆರಡು ಕೈ ಬೇಕಾಗಿದ್ದವು, ಅದಕ್ಕೆ ಕರೆಸಿದ್ದು.

ನಮ್ಮವರು ಮಿಲ್ಲಿನಲ್ಲಿ ಸಾಂಚಾ ನಡೆಸುತ್ತಿದ್ದರು, ಅಂದರೆ ಮಗ್ಗ. ಉಣ್ಣಲು ಬರುವವರು ಹೆಚ್ಚಿಗೆ ನಮ್ಮ ವಿಜಾಪುರದ ಕಡೆಯವರೇ. ನಾಲ್ಕು ಮಂದಿ ಮಾತ್ರ ಕರಾವಳಿಯವರು. ಆ ನಾಲ್ವರಲ್ಲಿ ಹಿರಿಯನೊಬ್ಬನಿದ್ದ. ಮೊದಲು ಬಾಂದ್ರಾದಲ್ಲಿ ತನ್ನ ಊರಿನವರ ಹೋಟೆಲಿನಲ್ಲಿದ್ದನಂತೆ. ಮಾಲಕನ ಜೊತೆ ಜಗಳವಾಡಿ ಬಿಟ್ಟು, ಮಿಲ್ಲಿನ ನೂಲಿನ ಖಾತೆಗೆ ಸೇರಿ, ಹಿಂದೆ ಅದೇ ಹೋಟೆಲಿನ ಮೂವರು ಹುಡುಗರನ್ನೂ ಎಳೆದುಕೊಂಡು ಬಂದಿದ್ದ. ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಆದರೂ ನನ್ನನ್ನು ಅಕ್ಕ ಅನ್ನುತ್ತಿದ್ದ. ನಾನು ತಮ್ಮಾ ಅನ್ನುತ್ತಿದ್ದೆ. ನನ್ನ ಬೆನ್ನಿಗೆ ತಮ್ಮಂದಿರು ಯಾರೂ ಇರಲಿಲ್ಲ, ಇವನು ಸಾಕು ಅನಿಸಿತ್ತು.

ಅವನ ಮೇಲೆ ನನಗೆ ಪ್ರೀತಿ ಇತ್ತು, ಮುಚ್ಚಿಡುವುದೇನಿದೆ. ನಾನು ಮಗಳನ್ನು ಹೆತ್ತಾಗ ನೆಗೆಣ್ಣಿ ಇನ್ನೂ ಬಂದಿರಲಿಲ್ಲ. ಖಾನಾವಳಿ ಮುಚ್ಚುವುದೇ ಅಂತ ನಮ್ಮವರು ತಲೆ ಮೇಲೆ ಕೈ ಹೊತ್ತು ಕೂತಾಗ ಇವನು ಅಂಗಿ ಬಿಚ್ಚಿಟ್ಟು ಒಲೆ ಮುಂದೆ ಕೂತ. ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅವನು ಮಾಡಿದ ರೊಟ್ಟಿ ಅಂದರೆ ಅಂಗೈ ದಪ್ಪ, ನಡುವೆ ಹಸಿ, ಅಂಚು ಕರಿ. ನಮ್ಮ ಕಡೆಯ ಗಂಡಸರು ಉಪ್ಪು ಹೆಚ್ಚಾದರೆ ತಾಟು ಸರಿಸುವ ಜಾತಿ. ಅವರು ಆ ರೊಟ್ಟಿಯನ್ನು ನಾನು ಎದ್ದು ಬರುವ ತನಕ ತಿಂದರು, ಒಬ್ಬನೂ ಪಿಟಕ್ ಅನ್ನಲಿಲ್ಲ.

ನಮ್ಮಲ್ಲಿ ಒಂದು ಕಟ್ಟುಪಾಡು ಇತ್ತು, ನಮ್ಮವರು ಹಾಕಿದ್ದು. ಪಂಕ್ತಿಯಲ್ಲಿ ಭೇದ ಮಾಡಬಾರದು. ಸಾಲಾಗಿ ಕೂತವರಲ್ಲಿ ಒಬ್ಬನ ತಾಟಿಗೆ ಏನು ಬೀಳುತ್ತದೋ ಎಲ್ಲರ ತಾಟಿಗೂ ಅದೇ ಬೀಳಬೇಕು. ಒಬ್ಬನಿಗೆ ತುಪ್ಪ ಇನ್ನೊಬ್ಬನಿಗೆ ಎಣ್ಣೆ, ಅದು ನಡೆಯದು. ಊರಿನ ಮಠದಲ್ಲಿ ನೋಡಿ ಬಂದದ್ದು ಅದು, ಮುಂಬೈಗೆ ಬಂದರೂ ಬಿಡಲಿಲ್ಲ. ಹಾಗಾಗಿ ಎಲ್ಲರಿಗೂ ರೊಟ್ಟಿ, ಪಲ್ಯ, ಕೊನೆಗೆ ಎಲ್ಲರಿಗೂ ಒಂದಿಷ್ಟು ಅನ್ನ.

ಆ ವರ್ಷ ರೇಶನ್ ಅಂಗಡಿಯಲ್ಲಿ ಅಕ್ಕಿ ಕಡಿಮೆ ಮಾಡಿದರು. ಕೊನೆಯ ಅನ್ನ ಒಂದು ಮುಷ್ಟಿಗೆ ಬಂತು. ನಮ್ಮ ಮಂದಿಗೆ ಏನೂ ತ್ರಾಸಾಗಲಿಲ್ಲ, ರೊಟ್ಟಿಯಲ್ಲೇ ಹೊಟ್ಟೆ ತುಂಬಿರುತ್ತಿತ್ತು. ಕರಾವಳಿಯ ನಾಲ್ವರು ಮಾತ್ರ ಒಂದೊಂದು ರೊಟ್ಟಿ ಮುರಿದುಕೊಂಡು, ಆ ಮುಷ್ಟಿ ಅನ್ನಕ್ಕಾಗಿ ಕಾದು ಕೂತು, ತಿಂದು, ಅರೆಹೊಟ್ಟೆಯಲ್ಲಿ ಏಳುತ್ತಿದ್ದರು. ನಾನು ಒಂದು ದಿನ ಸಂಜೆ ಹೇಳಿಬಿಟ್ಟೆ: "ದಿನಾ ಎರಡೂ ಮಾಡೂದು ಇನ್ನ ನನ್ನ ಕಡೆ ಆಗೂದಿಲ್ಲ. ಸೀಮೆಎಣ್ಣಿ ಇಲ್ಲ, ಅಕ್ಕಿ ಇಲ್ಲ. ಒಂದ ಮಾಡ್ತೀನಿ. ರೊಟ್ಟಿ ಅಂದ್ರ ರೊಟ್ಟಿ, ಅನ್ನ ಅಂದ್ರ ಅನ್ನ. ನೀವ ಹೇಳ್ರಿ."

ಅದೇ ಹೊತ್ತಿಗೆ ಮುಂಬೈಯಲ್ಲಿ ಚುನಾವಣೆ. ಮಿಲ್ಲಿನ ಗೋಡೆ ಒಂದೂ ಬಿಟ್ಟಿರಲಿಲ್ಲ, ಎಲ್ಲ ಕಡೆ ಗುರುತು ಬರೆದಿದ್ದರು. ಜೀಪು ಬಂದರೆ ಮಕ್ಕಳು ಚೀಟಿ ಆರಿಸಲು ಓಡುತ್ತಿದ್ದರು. ನಮ್ಮ ಪಂಕ್ತಿಯಲ್ಲಿ ಒಬ್ಬ ಇದ್ದ, ಮಗ್ಗದ ಖಾತೆಯವನು, ನಮ್ಮ ಕಡೆಯವನೇ. ಮಿಲ್ಲಿನ ಗೇಟಿನ ಮುಂದೆ ಯಾರು ಸ್ಟೂಲು ಇಟ್ಟರೂ ಹತ್ತಿ ಮಾತಾಡುತ್ತಿದ್ದ. ಅವನಿಗೆ ನಾವು ಭಾಷಣದಂವ ಅಂತಲೇ ಹೆಸರಿಟ್ಟಿದ್ದೆವು. ಒಂದು ಪಕ್ಷಕ್ಕಾಗಿ ಹಗಲೂ ರಾತ್ರಿಯೂ ತಿರುಗುತ್ತಿದ್ದ. ಅವನು ಎದ್ದು ನಿಂತ. ನನ್ನನ್ನು ಅವನು ವೈನಿ ಅನ್ನುತ್ತಿದ್ದ, ಅಂದರೆ ಅತ್ತಿಗೆ.

"ವೈನಿ, ಜಗಳ ಬ್ಯಾಡ. ಓಟು ಹಾಕೂಣು. ಗುಪ್ತ ಮತದಾನ!"

"ಉಣ್ಣಾಕ ಓಟು ಯಾತಕ್ಕೋ?" ಅಂದರು ನಮ್ಮವರು.

"ಅಣ್ಣಾ, ರಾಜ್ಯಾನ ಓಟಿನ ಮ್ಯಾಲ ನಡದೈತಿ, ನಿನ್ನ ಖಾನಾವಳಿ ಏನ ದೊಡ್ಡದು?"

ಐತವಾರ ಮಧ್ಯಾಹ್ನ ಓಟು ಆಯಿತು. ಒಂದು ಬಟ್ಟಲಲ್ಲಿ ಜೋಳ, ಒಂದು ಬಟ್ಟಲಲ್ಲಿ ಅಕ್ಕಿ, ಗೋಡೆಯ ಮಾಡದಲ್ಲಿ ಇಟ್ಟರು. ಒಬ್ಬೊಬ್ಬರೇ ಗೋಡೆಗೆ ಮುಖ ಮಾಡಿ ಒಂದು ಕಾಳು ಮುಷ್ಟಿಯಲ್ಲಿ ಹಿಡಿದು ಬಂದು ತಂಬಿಗೆಗೆ ಹಾಕಬೇಕು. ಭಾಷಣದಂವ ತಂಬಿಗೆಗೆ ಬಟ್ಟೆ ಕಟ್ಟಿ ನಡುವೆ ತೂತು ಮಾಡಿದ್ದ. ಗಂಭೀರವಾಗಿ ನಿಂತಿದ್ದ, ನಗಬಾರದು ಅಂತ ಎಲ್ಲರಿಗೂ ಹೇಳಿದ್ದ. ನಾನೂ ನೆಗೆಣ್ಣಿಯೂ ಒಲೆ ಮುಂದೆ ಕೂತು ನೋಡಿದೆವು. ನಮ್ಮನ್ನು ಯಾರೂ ಕರೆಯಲಿಲ್ಲ.

ತಂಬಿಗೆಯನ್ನು ಹಿಟ್ಟು ನಾದುವ ಪರಾತದಲ್ಲಿ ಬೋರಲು ಹಾಕಿದರು. ಜೋಳದ ಕಾಳು ಒಂಬತ್ತು, ಅಕ್ಕಿ ಕಾಳು ನಾಲ್ಕು. ಜೊತೆಗೆ ಒಂದು ಶೇಂಗಾ. ಯಾವನೋ ಎರಡಕ್ಕೂ ಮನಸ್ಸಿಲ್ಲದೆ ಹಾಕಿದ್ದು. ಆ ಓಟು ರದ್ದು ಅಂದ ಭಾಷಣದಂವ, ಅಷ್ಟರಲ್ಲಿ ಮಗಳು ಅದನ್ನು ಬಾಯಿಗೆ ಹಾಕಿಕೊಂಡಾಗಿತ್ತು.

"ರೊಟ್ಟಿ ಪಾರ್ಟಿ ಆರಿಸಿ ಬಂದೈತಿ! ಇನ್ನ ಎಲ್ಲಾ ದಿನ ರೊಟ್ಟಿ!"

ಚಪ್ಪಾಳೆ ಬಿತ್ತು. ಕರಾವಳಿಯ ಹಿರಿಯನೂ ಚಪ್ಪಾಳೆ ತಟ್ಟಿದ. "ಆಯ್ತು ಮಾರಾಯ್ರೆ, ನಿಮ್ಮದೇ ಗೆದ್ದದ್ದು," ಅಂದ. ಅವನ ಹುಡುಗರು ತಟ್ಟಲಿಲ್ಲ.

ಮೊದಲ ವಾರ ನಡೆಯಿತು. ನಾಲ್ವರೂ ರೊಟ್ಟಿ ತಿಂದರು. ಹಿರಿಯನು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನೆನೆಸಿ ನುಂಗುತ್ತಿದ್ದ. ಆಮೇಲೆ ಒಂದೇ ರೊಟ್ಟಿಗೆ ಇಳಿದ. ಆಮೇಲೆ ಅರ್ಧಕ್ಕೆ. ಒಂದು ಸಂಜೆ ಎದ್ದು ಹೋಗುವಾಗ ಗ್ಯಾಲರಿಯ ಕಟಾಂಜನ ಹಿಡಿದು ಬಾಗಿ ನಿಂತಿದ್ದು ಕಂಡೆ. ಹತ್ತಿರ ಹೋಗಿ ಕೇಳಿದೆ. ಬಹಳ ಹೊತ್ತು ಏನಿಲ್ಲ ಏನಿಲ್ಲ ಅಂದ. ಕೊನೆಗೆ ಹೇಳಿದ, ಹೋಟೆಲಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ತಿಂದು ತಿಂದು ಹೊಟ್ಟೆಯಲ್ಲಿ ಹುಣ್ಣಾಗಿದೆ, ಡಾಕ್ಟರು ಮೆತ್ತಗಿನ ಊಟ ಉಣ್ಣು ಅಂದಿದ್ದಾರೆ.

"ಓಟಿನ ದಿನ ಯಾಕ ಹೇಳ್ಲಿಲ್ಲ, ಮಬ್ಬ?"

"ಹೊಟ್ಟೆನೋವು ಹೇಳಿ ಓಟು ಕೇಳುದಾ ಅಕ್ಕ? ನಾಚಿಕೆ ಆಗುದಿಲ್ವಾ?"

"ಮುಚ್ಚು ಬಾಯಿ. ನಾಳಿಯಿಂದ ನಿನಗೊಂದ ಗಂಜಿ ಮಾಡಿಡ್ತೀನಿ. ಎಲ್ಲಾರು ಎದ್ದ ಮ್ಯಾಲ ಬಂದು ಉಣ್ಣು."

ಅವನು ತಲೆ ಅಲ್ಲಾಡಿಸಿದ. "ಬೇಡ. ಹಾಗೆ ತಿಂದರೆ ನಾನು ರೋಗಿ ಆಗ್ತೇನೆ. ಪಂಕ್ತಿಯಿಂದ ಹೊರಗೆ. ಮತ್ತೆ ನಮ್ಮ ಹುಡುಗರು ಮೂವರು? ಅವರಿಗೆ ಹೊಟ್ಟೆಯಲ್ಲಿ ಹುಣ್ಣಿಲ್ಲ. ಅನ್ನ ಬೇಕು ಅಂತ ಆಸೆ ಮಾತ್ರ ಉಂಟು. ಅವರಿಗೆ ಎಂತ ಮಾಡ್ತೀರಿ?"

ನನಗೆ ಸಿಟ್ಟು ಬಂತು. ಒಳಗೆ ಹೋಗಿ ಪಾತ್ರೆ ತಿಕ್ಕಲು ಕೂತೆ.

ಈ ನಡುವೆ ನಿಜವಾದ ಓಟಿನ ದಿನ ಬಂತು. ಮುನ್ಸಿಪಾಲ್ಟಿ ಶಾಲೆಯಲ್ಲಿ ಹೆಂಗಸರ ಸಾಲು ಬೇರೆ, ಗಂಡಸರ ಸಾಲು ಬೇರೆ. ನಾನೂ ನೆಗೆಣ್ಣಿಯೂ ಪಲ್ಯ ಇಳಿಸಿಟ್ಟು ಹೋದೆವು. ನನಗೆ ಎರಡನೇ ಇಯತ್ತೆ ತನಕ ಓದು, ಅವಳಿಗೆ ಅದೂ ಇಲ್ಲ. ಆದರೂ ಕೂತ ಸಾಹೇಬ ನಮ್ಮ ಬೆರಳು ಹಿಡಿದು ಮಸಿ ಹಚ್ಚಿದ, ಠಸ್ಸೆ ಕೈಗೆ ಕೊಟ್ಟ, ಹೋಗಿ ಬಾಯಿ, ಅಂದರೆ ಹೋಗಿ ಅಮ್ಮಾ, ಅಂದ. ನೆಗೆಣ್ಣಿ ಆ ಬೆರಳನ್ನು ದಾರಿಯುದ್ದಕ್ಕೂ ಸೆರಗಿಗೆ ತಾಗದ ಹಾಗೆ ಎತ್ತಿ ಹಿಡಿದುಕೊಂಡು ಬಂದಳು, ಅಳಿಸಿ ಹೋದೀತು ಅಂತ. ಮಸಿ ಹಾಗೆಲ್ಲ ಹೋಗುವುದಲ್ಲ. ಹಿಟ್ಟು ನಾದಿದೆವು, ಪಾತ್ರೆ ತಿಕ್ಕಿದೆವು, ಹೋಗಲಿಲ್ಲ.

ಫಲಿತಾಂಶ ಬಂತು. ಭಾಷಣದಂವನ ಕಡೆಯವನು ನಮ್ಮ ವಾರ್ಡಿನಲ್ಲಿ ಸೋತ. ಬೇರೆ ವಾರ್ಡುಗಳಲ್ಲೂ ಹಾಗೇ. ಅವತ್ತು ಅವನು ಊಟಕ್ಕೆ ಬಂದವನು ತಾಟು ಮುಟ್ಟದೆ ಗೋಡೆಗೆ ಒರಗಿ ಕೂತ. ಜಗಳಗಂಟ ಆದರೂ ಪಾಪ ಅನಿಸಿತು. ಗೇಟಿನ ಮುಂದೆ ಕೂಗಿ ಕೂಗಿ ಗಂಟಲು ಹೋಗಿತ್ತು, ಆ ಹೋದ ಗಂಟಲಿನಲ್ಲೇ ಹೇಳಿದ:

"ಅಣ್ಣಾ, ಮಂದಿ ನಮಗ ಓಟು ಹಾಕಿಲ್ಲಂತಲ್ಲ. ಹಾಕ್ಯಾರ. ಚಾಳು ಚಾಳು ಹಾಕ್ಯಾರ. ಅವಂಗ ಒಂದೀಟು ಹೆಚ್ಚು ಬಿತ್ತು, ನಮಗ ಒಂದೀಟು ಕಡಿಮಿ. ಆದ್ರ ಒಳಗ ಹೋಗಿ ಕುಂಡ್ರಾಂವ ಅವನೊಬ್ಬನ. ಎಲ್ಲಾ ವಾರ್ಡಿನಾಗೂ ಹಿಂಗ. ನಮ್ಮ ಮಂದಿ ಓಟೆಲ್ಲಾ ಎಲ್ಲಿ ಹೋದ್ವು? ಗಟಾರಕ್ಕ ಹೋದ್ವೇನು?"

ನಮ್ಮವರು ಸಮಾಧಾನ ಮಾಡಿದರು. ನಾನು ಅವನ ಮಾತನ್ನು ನೆನಪಿಟ್ಟುಕೊಂಡೆ.

ಮರುದಿನವೋ ಅದರ ಮರುದಿನವೋ ಕರಾವಳಿಯ ಹಿರಿಯ ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಂತುಕೊಂಡ.

"ಅಕ್ಕ, ಬೇಜಾರು ಮಾಡಬೇಡಿ. ಘಾಟ್ಕೋಪರಲ್ಲಿ ನಮ್ಮ ಕಡೆಯವರ ಒಂದು ಮೆಸ್ ಉಂಟಂತೆ, ಮಲಗ್ಲಿಕ್ಕೂ ಜಾಗ ಉಂಟಂತೆ. ಹುಡುಗರು ನೋಡಿ ಬಂದ್ರು. ಬರುವ ತಿಂಗಳಿಂದ ಅಲ್ಲಿಗೆ ಹೋಗುದು ಅಂತ."

"ಘಾಟ್ಕೋಪರ್‌ದಿಂದ ಇಲ್ಲಿ ಮಿಲ್ಲಿಗಿ ಮೊದಲ್ನೇ ಪಾಳಿಗಿ ಹೆಂಗ ಬರ್ತಿ?"

"ಲೋಕಲ್ ಉಂಟಲ್ಲ."

"ಆ ಗದ್ದಲದಾಗ ಕಂಬಿ ಹಿಡದು ನಿಂದ್ರಾಕ ನಿನ್ನ ಮೈಯಾಗ ಏನ ಉಳದೈತಿ? ಹಗ್ಗದ ಮ್ಯಾಲ ಒಣಗಿಸಿದ ಅಂಗಿ ಆದಂಗ ಆಗಿ."

ಅವನು ನಕ್ಕ. ನಗುವುದಕ್ಕೂ ಹೊಟ್ಟೆ ಹಿಡಿದುಕೊಂಡ. ಅವನು ಹೋದ ಮೇಲೆ ನೆಗೆಣ್ಣಿ ಕಣ್ಣು ಒರೆಸಿಕೊಂಡಳು. ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು, ಅದಕ್ಕೂ ಇರಬಹುದು.

ಐತವಾರ ಬಂತು. ಎಲ್ಲರೂ ಎರಡು ಸಾಲಿನಲ್ಲಿ ಕೂತರು, ತಾಟು ಹಾಕಿದ್ದಾಯಿತು, ಎಣ್ಣೆಗಾಯಿಯ ವಾಸನೆ ಖೋಲಿ ತುಂಬಾ ಇತ್ತು. ನಾನು ರೊಟ್ಟಿಯ ಬುಟ್ಟಿಯನ್ನು ಹಿಂದೆ ಸರಿಸಿ ಅದರ ಮುಂದೆ ಕೂತೆ.

"ಮಾತು ಮುಗಿಯೂ ತನಕ ಯಾರಿಗೂ ರೊಟ್ಟಿ ಇಲ್ಲ."

"ಏನ ಮಾತು, ವೈನಿ? ಹಸಿವಿ ಆಗೈತಿ," ಅಂದ ಭಾಷಣದಂವ.

"ನಿನಗ ಹಸಿವಿ ಆಗೈತಿ, ಛಲೋ ಆತು. ಮೊನ್ನೆ ಏನಂದಿ? ನಮ್ಮ ಮಂದಿ ಓಟು ಗಟಾರಕ್ಕ ಹೋದ್ವೇನು ಅಂದಿ. ಇವರ ನಾಕು ಅಕ್ಕಿ ಕಾಳು ಎಲ್ಲಿ ಹೋದ್ವು, ಹೇಳು? ನಮ್ಮ ಮೋರಿಗೇನು?"

ಅವನು ತಾಟು ಸರಿಸಿ ಹೇಳಿದ, "ಬಹುಮತ ಅಂದ್ರ ಬಹುಮತ, ವೈನಿ. ಅವರು ಸೋತಾರ."

"ನಿಮ್ಮಂವನೂ ಸೋತಾನ. ನೀ ಯಾಕ ಗೋಡಿಗಿ ಒರಗಿ ಅತ್ತಿ?"

"ನಾ ಅತ್ತಿಲ್ಲ!"

"ಅತ್ತಾನ," ಅಂದಳು ಮಗಳು. ಸಾಲಿನಲ್ಲಿ ನಗೆ ಎದ್ದಿತು.

ಭಾಷಣದಂವ ಕೆಟ್ಟವನಲ್ಲ. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡ, ಆಮೇಲೆ ತಾನೇ ನಕ್ಕ. "ಆತಪಾ. ಖರೇ ಐತಿ. ಆದ್ರ ದಿನಾ ಎರಡೂ ಮಾಡೂದು ಆಗೂದಿಲ್ಲಂತ ನೀವ ಅಂತೀರಿ. ಪಂಕ್ತಿಯಾಗ ಭೇದ ಬ್ಯಾಡಂತ ಅಣ್ಣ ಅಂತಾನ. ಹಂಗಾರ ಮಾಡೂದು ಹೆಂಗ?"

ಅದು ನಮ್ಮಲ್ಲಿ ಯಾರೊಬ್ಬರಿಗೂ ಹೊಳೆದದ್ದಲ್ಲ. ಕೂಗಾಡುತ್ತಾ ಕೂಗಾಡುತ್ತಾ ಬಂದದ್ದು. ಒಬ್ಬ ಹೇಳಿದ, ಒಂದು ದಿನ ಅದು, ಒಂದು ದಿನ ಇದು. ಅದು ಹೆಂಗ, ನಾವು ಜಾಸ್ತಿ ಮಂದಿ ಅಂತ ಇನ್ನೊಬ್ಬ. ನಾಲ್ವರಿಗೆ ಒಂದು ದಿನ ಸಾಕು ಅಂತ ಮತ್ತೊಬ್ಬ. ನಮ್ಮವರು ಕೊನೆಗೆ ಪರಾತ ಎಳೆದುಕೊಂಡು ಕಾಳು ಇಟ್ಟರು, ಒಂಬತ್ತು ಜೋಳ, ನಾಲ್ಕು ಅಕ್ಕಿ. ವಾರದ ಏಳು ದಿನಕ್ಕೆ ಹಂಚಿ ನೋಡಿದರು. ಒಂದೊಂದು ದಿನಕ್ಕೆ ಎರಡೆರಡು ಕಾಳು ಕೂರಿಸಿದರು. ಜೋಳಕ್ಕೆ ನಾಲ್ಕು ದಿನ ಬಂತು, ಒಂದು ಕಾಳು ಉಳಿಯಿತು. ಅಕ್ಕಿಗೆ ಎರಡು ದಿನ ಬಂತು, ಏನೂ ಉಳಿಯಲಿಲ್ಲ. ಏಳನೇ ದಿನ ಖಾಲಿ.

"ಉಳದ ಕಾಳು ಯಾರದು? ನಮ್ಮದು!" ಅಂದ ಭಾಷಣದಂವ, ಮತ್ತೆ ಚಿಗುರಿಕೊಂಡು. "ಏಳನೇ ದಿನಾನೂ ರೊಟ್ಟಿ. ಐದು, ಎರಡು."

ಕರಾವಳಿಯ ಹಿರಿಯ "ಆಗಲಿ, ಎರಡಾದ್ರೆ ಎರಡು" ಅನ್ನಲು ಹೊರಟಿದ್ದ. ಅವನ ಹುಡುಗರ ಮುಖ ನೋಡಿದೆ. ಎರಡು ದಿನಕ್ಕೆ ಅವರು ಘಾಟ್ಕೋಪರ್ ಬಿಡುವ ಹಾಗೆ ಕಾಣಲಿಲ್ಲ. ಅವರು ಹೋದರೆ ಇವನೂ ಹೋಗುತ್ತಾನೆ.

"ತಡೀರಿ," ಅಂದೆ. "ಇನ್ನ ಓಟು ಮುಗದಿಲ್ಲ. ನಾವಿಬ್ಬರು ಹಾಕಿಲ್ಲ."

ನಮ್ಮವರೇ ಮೊದಲು ಮಾತಾಡಿದ್ದು. "ನಿಮಗ್ಯಾಕ ಓಟು? ನೀವು ಮಾಡಾವ್ರು. ಓಟು ಉಣ್ಣಾವ್ರದು."

"ಹಂಗಾರ ನಾವೇನು ಗಾಳಿ ಕುಡದು ಬದುಕೀವೇನು? ನೀವೆಲ್ಲಾರು ಎದ್ದ ಮ್ಯಾಲ ಬುಟ್ಟಿ ತಳದಾಗ ಉಳದಿದ್ದು ಯಾರು ಉಣ್ತಾರ?" ನಾನು ಬೆರಳು ಎತ್ತಿ ತೋರಿಸಿದೆ. "ಸರಕಾರ ನನ್ನ ಬೆರಳಿಗಿ ಮಸಿ ಹಚ್ಚೇತಿ. ದಿಲ್ಲಿಗಿ ನನ್ನ ಓಟು ನಡೀತೈತಿ, ಈ ಒಲಿಗಿ ನಡ್ಯಂಗಿಲ್ಲ?"

ನಿಜ ಹೇಳಬೇಕು ಅಂದರೆ ಆ ಓಟು ದಿಲ್ಲಿಗೆ ಹೋಗಿತ್ತೋ ಮುನ್ಸಿಪಾಲ್ಟಿಗೆ ಹೋಗಿತ್ತೋ ಆ ಹೊತ್ತಿಗೆ ನನಗೆ ನೆನಪಿರಲಿಲ್ಲ. ಯಾರೂ ತಿದ್ದಲಿಲ್ಲ. ಎಲ್ಲರ ಕಣ್ಣೂ ಬುಟ್ಟಿಯ ಮೇಲಿತ್ತು.

"ಹಾಕ್ರಿ ವೈನಿ, ಹಾಕ್ರಿ," ಅಂದ ಭಾಷಣದಂವ. ಅವನಿಗೆ ಧೈರ್ಯ ಇತ್ತು. ನಾವು ವಿಜಾಪುರದ ಕಡೆಯ ಹೆಂಗಸರು, ಜೋಳ ತಿಂದು ಬೆಳೆದವರು, ಇನ್ನೇನು ಹಾಕುತ್ತೇವೆ ಅಂತ.

ನಾನು ಎಲ್ಲರಿಗೂ ಕಾಣುವ ಹಾಗೆ ಒಂದು ಅಕ್ಕಿ ಕಾಳು ಪರಾತಕ್ಕೆ ಹಾಕಿದೆ.

"ವೈನಿ! ದ್ರೋಹ!" ಅಂತ ಕೂಗಿದ. "ತವರಿಗಿ ದ್ರೋಹ!"

ಇನ್ನು ನೆಗೆಣ್ಣಿ. ಅವಳು ಗಂಡಸರ ಮುಂದೆ ಮಾತಾಡಿದ್ದು ನಾನು ಕಂಡಿರಲಿಲ್ಲ. ಬಡಿಸುವಾಗಲೂ ಸಾಕೇನು ಅಂತ ಕೇಳುತ್ತಿರಲಿಲ್ಲ, ಕೈ ಅಡ್ಡ ಹಿಡಿದಾಗ ನಿಲ್ಲಿಸುತ್ತಿದ್ದಳು. ಅವಳಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ, ದೇವರಾಣೆ. ಮಸಿಯ ಬೆರಳಿನಲ್ಲೇ ಒಂದು ಅಕ್ಕಿ ಕಾಳು ಎತ್ತಿ ನನ್ನ ಕಾಳಿನ ಪಕ್ಕದಲ್ಲಿ ಇಟ್ಟಳು. ಆಮೇಲೆ ಗೋಡೆ ಕಡೆ ತಿರುಗಿ, ಗೋಡೆಗೇ ಹೇಳುವ ಹಾಗೆ ಹೇಳಿದಳು:

"ರೊಟ್ಟಿ ಬಡದು ಬಡದು ನನ್ನ ರಟ್ಟಿ ಬಿದ್ದು ಹೋಗ್ಯಾವ್ರೀ. ಅನ್ನ ಆದ್ರ ಕುದಿಯಾಕ ಇಟ್ಟು ಕುಂಡ್ರಬಹುದು."

ನಕ್ಕ ಸದ್ದಿಗೆ ಪಕ್ಕದ ಖೋಲಿಯ ಮರಾಠಿ ಬಾಯಿ ಏನಾಯಿತು ಅಂತ ಬಂದು ಇಣುಕಿದಳು. ನನ್ನದೂ ಅದೇ ಕಾರಣ ಅಂತ ಅವತ್ತು ಎಲ್ಲರೂ ತಿಳಿದುಕೊಂಡರು. ತಿಳಿದುಕೊಳ್ಳಲಿ ಬಿಡು ಅಂತ ಬಿಟ್ಟೆ.

ಅಕ್ಕಿ ಕಾಳು ಆರು, ದಿನ ಮೂರು. ಜೋಳಕ್ಕೆ ನಾಲ್ಕು ದಿನ. ಶೇಂಗಾ ಹಾಕಿದ್ದವನು ಆಗ ಬಾಯಿ ಬಿಟ್ಟ, "ನನ್ನ ಓಟು ಏನಾತು?" ಅಂತ. ಅದು ಪಚನ ಆಗಿ ಹೋಗೈತಿ ಅಂದರು. ಐತವಾರ ಯಾರಿಗೆ ಅಂತ ಇನ್ನೊಂದು ಜಗಳ ಹುಟ್ಟಿತು, ಎಲ್ಲರಿಗೂ ಐತವಾರವೇ ಬೇಕು. ಹೆಚ್ಚು ಕಾಳು ಯಾರದೋ ಐತವಾರ ಅವರದು ಅಂತ ನಮ್ಮವರು ತೀರ್ಪು ಕೊಟ್ಟರು. ಸೋಮವಾರ, ಬುಧವಾರ, ಶನಿವಾರ ಅನ್ನದವರಿಗೆ ಬಂತು. ದಿನಾ ಒಂದು ಮುಷ್ಟಿ ಹಾಕುತ್ತಿದ್ದ ಅಕ್ಕಿಯನ್ನು ಹಾಗೇ ಉಳಿಸಿ ಮೂರು ದಿನಕ್ಕೆ ಕೂಡಿಸಿದರೆ ಹೆಚ್ಚುಕಡಿಮೆ ಸಾಲುತ್ತಿತ್ತು. ನಾನು ಬುಟ್ಟಿ ಮುಂದೆ ತಳ್ಳಿದೆ. ರೊಟ್ಟಿ ಆರಿ ಚಕ್ಕಳವಾಗಿತ್ತು. ಅದನ್ನೇ ಮುರಿದು ಮುರಿದು ತಿಂದರು.

ಘಾಟ್ಕೋಪರ್ ಬಗ್ಗೆ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ತಿಂಗಳು ಮುಗಿಯಲು ಇನ್ನೂ ದಿನ ಇತ್ತು.

ಮೊದಲ ಸೋಮವಾರ ದೊಡ್ಡ ಪಾತೇಲಿಯಲ್ಲಿ ಅನ್ನ ಮಾಡಿದೆ. ಜೊತೆಗೆ ತೊಗರಿಬೇಳೆ ಸಾರು, ಮಜ್ಜಿಗೆ. ಅಷ್ಟು ಅನ್ನ ನಾನು ಒಂದೇ ಸಲ ಮಾಡಿದವಳಲ್ಲ, ನೀರು ಹೆಚ್ಚಾಯಿತು. ಪಂಕ್ತಿ ಕೂತಿತು. ಆಗ ಒಂದು ವಿಚಿತ್ರ ನೋಡಿದೆ. ರೊಟ್ಟಿ ಪಾರ್ಟಿಯವರೇ ಅನ್ನದ ಮೇಲೆ ಬಿದ್ದರು. ರೊಟ್ಟಿಗೆ ಜೀವ ಬಿಡುವ ನಮ್ಮ ಗಂಡಸರು ಮಜ್ಜಿಗೆ ಸುರಿದುಕೊಂಡು ಸುರಿದುಕೊಂಡು ಉಂಡರು. ಭಾಷಣದಂವ ಮೂರನೇ ಸಲ ತಾಟು ಚಾಚಿದ. ಸೌಟಿನಿಂದ ಅವನ ಕೈಗೆ ಒಂದು ಕೊಟ್ಟೆ.

"ಇವತ್ತಿನ ದಿನ ನಿಂದಲ್ಲ. ಅವರಿಗಿ ಮೊದಲ ಸಾಲಬೇಕು."

"ಪಂಕ್ತಿಯಾಗ ಭೇದ ಮಾಡ್ತೀರೇನು ವೈನಿ?" ಅಂದ, ಬಾಯಿ ತುಂಬಾ ಅನ್ನ ಇಟ್ಟುಕೊಂಡು.

ಕರಾವಳಿಯ ಹಿರಿಯ ಸಾಲಿನ ಕೊನೆಯಲ್ಲಿ ಕೂತಿದ್ದ. ನಿಧಾನವಾಗಿ ಕಲಸಿದ, ಒಂದು ತುತ್ತು ಇಟ್ಟ, ಇನ್ನೊಂದು ಇಟ್ಟ. ನಾನು ಸೌಟು ಹಿಡಿದುಕೊಂಡು ಅವನ ಮುಂದೆ ನಿಂತಿದ್ದೆ. ಹೊಟ್ಟೆಗೆ ಇಳಿಯುತ್ತದೋ ಇಲ್ಲವೋ ಅಂತ ನೋಡುತ್ತಿದ್ದೆ. ಅವನು ಅರ್ಧ ತಾಟು ಮುಗಿಸಿ ತಲೆ ಎತ್ತಿದ.

"ಅಕ್ಕ, ಒಂದು ಮಾತು ಹೇಳ್ಬಹುದಾ? ಸಿಟ್ಟು ಮಾಡಬಾರದು."

"ಹೇಳು."

"ಇದು ಅನ್ನ ಅಲ್ಲ. ಗೋಡೆಗೆ ಕಾಗದ ಅಂಟಿಸ್ತಾರಲ್ಲ, ಅದು."

ಇಷ್ಟು ದಿನ ಅವನಿಗಾಗಿ ನಾನು ಪಟ್ಟ ಪಾಡು ನೆನೆದು ಮೈ ಉರಿದುಹೋಯಿತು. "ಹಂಗಾರ ಹೋಗು, ಘಾಟ್ಕೋಪರ್‌ಕ ಹೋಗಿ ಉಣ್ಣು! ಅಲ್ಲಿ ಮಲ್ಲಿಗಿ ಮೊಗ್ಗಿನಂಥಾ ಅನ್ನ ಮಾಡಿ ಕಾಯಾಕ ಹತ್ಯಾರ ನಿನಗ!"

ಅವನು ತಾಟು ಚಾಚಿದ.

"ನಾನು ಎಲ್ಲಿಗೂ ಹೋಗುದಿಲ್ಲ. ಇಲ್ಲಿ ನಂದು ಮೂರು ದಿನ ಉಂಟು. ಹಾಕಿ."

ಹಾಕಿದೆ. ತಳದ ಗಟ್ಟಿ ಅನ್ನ ಬಿಟ್ಟು, ಮೆತ್ತಗಿದ್ದ ಕಡೆಯಿಂದ ತೆಗೆದು ಹಾಕಿದೆ.